ಮಬ್ರೂಕಾ ಚಿಕ್ಕಮ್ಮನ ಪೆಟ್ಟಿಗೆ

ನಮ್ಮ ಮಿಸ್ರಾತಾದಲ್ಲಿ ಮದುವೆಯ ಹೆಂಗಸರ ಸಭಾಂಗಣದೊಳಗೆ ಗಂಡಸರ ನೆರಳೂ ಬೀಳಬಾರದು. ತಲೆವಸ್ತ್ರ ತೆಗೆದು, ಕೂದಲು ಬಿಚ್ಚಿ ಕುಣಿಯುವ ಆ ಹೆಂಗಸರ ನಡುವೆ ಹೋಗಲು ಒಂದೇ ಒಂದು ಕ್ಯಾಮೆರಾಕ್ಕೆ ಅನುಮತಿ ಇತ್ತು. ಅದು ನನ್ನ ಚಿಕ್ಕಮ್ಮ ಮಬ್ರೂಕಾಳದು. ಹತ್ತೊಂಬತ್ತು ವರ್ಷ ಆ ನಂಬಿಕೆಯೇ ಅವಳ ಅನ್ನವಾಗಿತ್ತು. ಅದಕ್ಕೆ ಕಲ್ಲು ಹಾಕಿದವಳು ನಾನು.

ಅವಳ ಫೋಟೋ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಡಿಸ್ಕಿನ, ಪುಟ್ಟ ಕಂಪ್ಯೂಟರಿನಂಥ ಸಂಗ್ರಹ ಪೆಟ್ಟಿಗೆಯೊಂದಿತ್ತು. ಎಲ್ಲ ಮದುವೆಗಳ ಚಿತ್ರಗಳೂ ಅದರಲ್ಲೇ. ಮದುಮಗಳು ತಾಯಿಯೊಂದಿಗೆ ಬಂದು, ಪರದೆ ಎಳೆದುಕೊಂಡು, ಕಡಲೆಕಾಯಿ ಹಾಕಿದ ಚಹಾ ಕುಡಿಯುತ್ತ ಚಿತ್ರ ಆರಿಸಬೇಕು. ಫೋಲ್ಡರುಗಳಿಗೆ ಚಿಕ್ಕಮ್ಮ ಇಡುತ್ತಿದ್ದ ಹೆಸರು ನೋಡಿದರೆ ನಗು ಬರುತ್ತಿತ್ತು: ‘ಅತ್ತೆ ಜಾರಿಬಿದ್ದದ್ದು’, ‘ಕೇಕು ಕುಸಿದದ್ದು’, ‘ಮೂರು ಸಲ ಕರೆಂಟು ಹೋದದ್ದು’. ಯಾವುದು ಯಾರ ಮದುವೆ ಎಂದು ಅವಳೊಬ್ಬಳಿಗೇ ಗೊತ್ತು.

ಸುಂದುಸ್ ಎಂಬ ಮದುಮಗಳು ಗಂಡನೊಂದಿಗೆ ಮಾಲ್ಟಾಕ್ಕೆ ಹೋದವಳು, ಚಿತ್ರಗಳನ್ನು ಅಲ್ಲಿಂದಲೇ ಆರಿಸುತ್ತೇನೆ ಎಂದಳು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಕೇಳಬೇಕೆ, ತುದಿಗಾಲಲ್ಲಿ ನಿಂತೆ.

“ಈ ಪೆಟ್ಟಿಗೆ ಒಳಗೇ ವೆಬ್ ಸರ್ವರ್ ಹಾಕ್ತೀನಿ ಚಿಕ್ಕಮ್ಮ. ಅವಳು ಅಲ್ಲೇ ಕೂತು ಬ್ರೌಸರಲ್ಲಿ ನೋಡ್ಕೋತಾಳೆ.”

“ಬೇರೆಯವರೂ ನೋಡಿದ್ರೆ?”

“ವಿಳಾಸ ಅವಳೊಬ್ಳಿಗೇ ಕೊಡೋದು. ವಿಳಾಸ ಇಲ್ದೆ ಯಾರು ಬರ್ತಾರೆ?”

“ನಮ್ಮೂರಲ್ಲಿ ಮದುವೆಮನೆ ವಿಳಾಸ ಒಬ್ರಿಗೇ ಗೊತ್ತಿರೋದುಂಟೇನೆ?”

“ಇದೇನು ಬಸೀನ್ ಮುದ್ದೆ ಕಟ್ಟೋ ಕೆಲಸಾನಾ? ಸುಮ್ನಿರು ನೀನು.”

ಪೆಟ್ಟಿಗೆಯದೇ ತಂತ್ರಾಂಶಗಳ ಪಟ್ಟಿಯಿಂದ ಸರ್ವರ್ ಆರಿಸಿ ಚಾಲೂ ಮಾಡಿದೆ. ಹೊರಗಿನಿಂದ ಬರಲು ರೂಟರಿನಲ್ಲಿ ದಾರಿ ತೆರೆದೆ. ನನ್ನ ಫೋನಿನಲ್ಲಿ ಮೊದಲ ಪುಟ ಮೂಡಿದಾಗ ಚಿಕ್ಕಮ್ಮ ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಆಡಿಸಿ ಕೇಕೆ ಹಾಕಿದಳು.

ಸುಂದುಸಳ ಚಿತ್ರಗಳನ್ನಷ್ಟೇ ನಕಲು ಮಾಡಿ ಸರ್ವರಿನ ಫೋಲ್ಡರಿಗೆ ಹಾಕಬೇಕಿತ್ತು. ಎರಡು ಸಲ ನಡುವೆಯೇ ಕರೆಂಟು ಹೋಯಿತು. ಸಿಟ್ಟು ಬಂದು, ಎಲ್ಲ ಮದುವೆಗಳಿದ್ದ ಫೋಲ್ಡರನ್ನೇ ಸರ್ವರಿಗೆ ತೋರಿಸಿಬಿಟ್ಟೆ. ಸಾಲದ್ದಕ್ಕೆ ಶಿಸ್ತಿನ ಹೆಸರಲ್ಲಿ ಚಿಕ್ಕಮ್ಮ ಇಟ್ಟ ಹೆಸರುಗಳನ್ನೆಲ್ಲ ಅಳಿಸಿ, ಅವಳನ್ನೇ ಕೇಳಿ ಕೇಳಿ ಮನೆತನ ಮತ್ತು ತಾರೀಕು ಬರೆದೆ. ಮುಖಪುಟವಿಲ್ಲದ ಫೋಲ್ಡರಿಗೆ ಯಾರಾದರೂ ಬಂದರೆ ಸರ್ವರ್ ಒಳಗಿರುವುದರ ಪಟ್ಟಿಯನ್ನೇ ಮುಂದಿಡುತ್ತದೆ. ಅದನ್ನು ತಡೆಯುವುದು ಒಂದು ಸಾಲಿನ ಕೆಲಸ, ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಇಲ್ಲಿ ಮಾತ್ರ ಆ ಸಾಲು ಹಾಕಲೇ ಇಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ, ನನ್ನಲ್ಲಿ ಆ ಮುಕ್ಕಾಲೇ ಇರಲಿಲ್ಲ.

ಸುಂದುಸ್ ವಿಳಾಸವನ್ನು ನಾದಿನಿಗೆ ಕಳಿಸಿದಳು. ನಾದಿನಿಯ ಫೋನು ಅವಳ ಗಂಡನ ಕೈಗೆ ಹೋಯಿತು. ಅವನು ವಿಳಾಸದ ಬಾಲದಲ್ಲಿದ್ದ ಸುಂದುಸಳ ಫೋಲ್ಡರಿನ ಹೆಸರನ್ನು ಕತ್ತರಿಸಿ ನೋಡಿದ. ಮುನ್ನೂರು ಮದುವೆಗಳು, ಮನೆತನದ ಹೆಸರು ಸಮೇತ ತೆರೆದುಕೊಂಡವು.

ವಿಷಯ ತಿಳಿದು ನಾನು ತಂತಿ ಕಿತ್ತುಹಾಕುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಅಂಗಡಿಯ ತುಂಬ ಹೆಂಗಸರು.

“ನನ್ನ ಮಗಳ ಚಿತ್ರ ಯಾರ್ಯಾರ ಫೋನಲ್ಲಿದೆ ಹೇಳು ಮಬ್ರೂಕಾ! ಇದಕ್ಕೇನಾ ನಿನ್ನ ಒಳಗೆ ಬಿಟ್ಕೊಂಡಿದ್ದು?”

ನಾನು ಬಾಯಿ ತೆರೆದೆ. ಮುಂದಿನ ತಿಂಗಳು ನನ್ನ ಮದುವೆ. ಚಿಕ್ಕಮ್ಮ ಒಮ್ಮೆ ನನ್ನ ಕಡೆ ನೋಡಿ, ನನಗಿಂತ ಮೊದಲೇ ಹೇಳಿಬಿಟ್ಟಳು.

“ನಾನೇ ಮಾಡಿದ್ದು. ಏನೋ ಒತ್ತಿಬಿಟ್ಟೆ.”

“ಓದಿದ ಹುಡುಗಿ ಪಕ್ಕದಲ್ಲೇ ಇದ್ದಾಳಲ್ಲ, ಅವಳನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದಳು ಒಬ್ಬಳು.

ನಾನು ನೆಲ ನೋಡುತ್ತ ನಿಂತೆ. ಆಗ ನನ್ನ ಎದೆ ಹಗುರಾಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಆಮೇಲೆ ಚಿಕ್ಕಮ್ಮನನ್ನು ಯಾರೂ ಕರೆಯಲಿಲ್ಲ. ನನಗೆ ಅತ್ತೆಯಾಗಲಿದ್ದವಳು ಕೂಡ, “ಅವಳ ಕ್ಯಾಮೆರಾ ನಮ್ಮ ಹೊಸಿಲು ದಾಟಕೂಡದು” ಎಂದಳು. ನಾನು ತಲೆಯಾಡಿಸಿದೆ. ಅಂಗಡಿ ಮುಚ್ಚಿತು.

ಒಂದೂವರೆ ವರ್ಷದ ಮೇಲೆ, ತಡೆಯಲಾರದೆ ಅವಳ ಮನೆಗೆ ಹೋದೆ. ಯಾರದೋ ಮದುವೆಗೆ ಮಾರಲು ಖರ್ಜೂರ ತುಂಬಿದ ಮಕ್ರೂದ್ ಕರಿಯುತ್ತಿದ್ದಳು.

“ಚಿಕ್ಕಮ್ಮ, ನಾನು ಎಲ್ಲರಿಗೂ ನಿಜ ಹೇಳ್ತೀನಿ.”

“ಹೇಳು. ಬೇಡ ಅನ್ನಲ್ಲ.” ಅವಳು ಜಾಲರಿ ಸೌಟು ಕೆಳಗಿಟ್ಟಳು. “ಅವತ್ತು ಗಲಾಟೆ ತಣ್ಣಗಾಗ್ಲಿ ಅಂತ ಆ ಮಾತು ಆಡ್ದೆ ಕಣೇ. ಬೆಳಿಗ್ಗೆ ನೀನೇ ಬಂದು, ‘ಚಿಕ್ಕಮ್ಮ ಅಲ್ಲ, ನಾನು’ ಅಂತೀಯ ಅಂದ್ಕೊಂಡಿದ್ದೆ. ಒಂದು ವಾರ ಅಂಗಡಿ ಬಾಗ್ಲು ತೆಗೆದಿಟ್ಕೊಂಡು ಕೂತಿದ್ದೆ.”

ಆ ವಾರ ನಾನು ಮದುವೆಯ ಬಟ್ಟೆ ಆರಿಸುತ್ತಿದ್ದೆ.