ಎಲ್ಲರ ಪೆಟ್ಟಿಗೆಯ ನೀಲಿ ನಿಲುವಂಗಿ

ಪೀಕಿಂಗಿನ ನಮ್ಮ ಬಾಡಿಗೆ ಮನೆಯಲ್ಲಿ ಏಳು ಜನರಿಗೆ ಒಂದೇ ಬಟ್ಟೆಪೆಟ್ಟಿಗೆ. ೧೯೨೦ರ ಜನವರಿಯಲ್ಲಿ ಆ ನಿಯಮ ಬರೆದವನು ನಾನೇ: 'ಯಾವ ಬಟ್ಟೆಯೂ ಯಾರದೂ ಅಲ್ಲ. ಬೆಳಿಗ್ಗೆ ಯಾರ ಕೈಗೆ ಯಾವುದು ಸಿಕ್ಕಿತೋ ಅದನ್ನು ತೊಡಬೇಕು.' ಸರ್ಕಾರವಿಲ್ಲದ, ಸ್ವತ್ತಿಲ್ಲದ ಸಮಾಜವನ್ನು ಅಲ್ಲಿಂದಲೇ ಆರಂಭಿಸಿದ್ದೆವು. ಮನೆತನದ ಹೆಸರನ್ನೂ ಬಿಟ್ಟಿದ್ದೆವು. ನಾನು ಬರೀ ಶೌಜೆನ್. ಹಗಲು ಊರವರ ಬಟ್ಟೆ ಒಗೆಯುವುದು, ಸಂಜೆ ಓದು, ವಾದ.

ತಿಂಗಳ ಕೊನೆಗೆ, ನಮ್ಮ ಏಳು ಜನರಲ್ಲಿ ಒಬ್ಬಳಾದ ಸುಯಿನ್ ಅಳತೆಯ ದಾರವನ್ನು ನನ್ನ ಹೆಗಲಿಗೆ ಹಿಡಿದಳು.

"ಉಸಿರಾಡು ಮಾರಾಯ, ಕಂಬದ ಥರ ನಿಂತಿದ್ದೀಯ."

ಎರಡು ವಾರಕ್ಕೆ ಹತ್ತಿ ತುಂಬಿದ ನೀಲಿ ನಿಲುವಂಗಿ ಸಿದ್ಧವಾಗಿ ಪೆಟ್ಟಿಗೆ ಸೇರಿತು. ಮರುದಿನ ನಾನು ಏಳುವಷ್ಟರಲ್ಲಿ ಮನೆಯ ಜೊತೆಗಾರ ಬೋಚುವಾನ್ ಅದನ್ನು ತೊಟ್ಟು ಬಾವಿಯ ಬಳಿ ನಿಂತಿದ್ದ. ಅವನಿಗೂ ನನಗೂ ಒಂದೇ ಅಳತೆ. ಜಪಾನಿ ಬಲ್ಲವನು, ಮಾರ್ಕ್ಸ್ ಕುರಿತ ಕಿರುಹೊತ್ತಗೆಯೊಂದನ್ನು ಅನುವಾದಿಸುತ್ತಿದ್ದ. ಅರ್ಥವಾಗದ ಸಾಲುಗಳನ್ನು ಸುಯಿನ್‌ಗೆ ಓದಿ ಹೇಳುತ್ತಿದ್ದ. ಅರ್ಥವಾಗದ ಸಾಲುಗಳು ಬಹಳ ಇದ್ದವು.

ಹೊಟ್ಟೆಕಿಚ್ಚು ಖಾಸಗಿ ಆಸ್ತಿಯ ಕೂಸು ಎಂದು ನಮ್ಮ ಗೋಡೆಪತ್ರಿಕೆಯಲ್ಲಿ ನಾನೇ ಬರೆದಿದ್ದೆ. ಆದರೂ ಲೆಕ್ಕವಿಟ್ಟೆ: ಹತ್ತೊಂಬತ್ತು ದಿನಗಳಲ್ಲಿ ಅಂಗಿ ಅವನ ಮೈಮೇಲೆ ಹದಿನಾಲ್ಕು ದಿನ, ನನ್ನ ಮೈಮೇಲೆ ಎರಡು ದಿನ. ಆ ಎರಡು ದಿನವೂ ಕೊರಳಪಟ್ಟಿಯಲ್ಲಿ ಅವನ ತಂಬಾಕಿನ ವಾಸನೆ.

ಮಾರ್ಚಿ ಮೊದಲ ವಾರದ ಸಭೆಯಲ್ಲಿ ಬೋಚುವಾನ್ ಎದ್ದು ನಿಂತ.

"ಪೆಟ್ಟಿಗೆ ನಿಯಮ ತೆಗೆದುಬಿಡೋಣ. ಎಲ್ಲರದಾಗಬೇಕಾದ್ದು ಕಾರ್ಖಾನೆ ಕಣ್ರೋ, ಕಾಲುಚೀಲ ಅಲ್ಲ."

"ನಿನ್ನ ಕಾಲುಚೀಲ ಯಾರಿಗೆ ಬೇಕಾಗಿತ್ತು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅವನನ್ನು ಖಂಡಿಸಲು ಬೇಕಾದ ವಾದಗಳೆಲ್ಲ ನನ್ನಲ್ಲಿದ್ದವು. ಒಂದನ್ನೂ ಆಡಲಿಲ್ಲ. ನಿಯಮ ಹೋದರೆ ಅಂಗಿ ನನ್ನದಾಗುತ್ತಿತ್ತು. ಕೈ ಎಣಿಸಿದರು: ತೆಗೆಯಲು ಮೂರು, ಉಳಿಸಲು ಮೂರು. ತೆಗೆಯಲು ಎತ್ತಿದ ಕೈಗಳಲ್ಲಿ ಸುಯಿನ್‌ಳದೂ ಒಂದು. ಅದು ನನಗಾಗಿಯೇ ಎಂದುಕೊಂಡು ನಾನೂ ಎತ್ತಿದೆ.

"ಶೌಜೆನ್, ನೀನಾ?" ಎಂದ ಬೋಚುವಾನ್, ನಿಜವಾಗಿಯೂ ಬೆರಗಾಗಿ.

"ಅಂಗಿ ಬಿಚ್ಚು" ಎಂದೆ.

ಅವನು ಬಿಚ್ಚಿದ. ನಾನು ಕೈ ಚಾಚುವ ಮೊದಲೇ ಸುಯಿನ್ ಅದನ್ನು ತೆಗೆದುಕೊಂಡಳು.

"ಬಟ್ಟೆ ನಮ್ಮಮ್ಮನ ಹೊದಿಕೆದು, ಹೊಲಿದೋಳು ನಾನು. ಇವತ್ತಿಂದ ಇದು ನಂದು ತಾನೆ?"

"ಹೌದು" ಎಂದೆ.

ಅವಳು ಅದನ್ನು ಮತ್ತೆ ಬೋಚುವಾನ್‌ನ ಹೆಗಲಿಗೆ ಹಾಕಿ ಕೊರಳ ಗುಂಡಿಯನ್ನೂ ಹಾಕಿದಳು. ಅವನ ಕಿವಿಗಳು ಕೆಂಪಾದವು.

"ಅಳತೆ ನಂದು ತಗೊಂಡಿದ್ದೆಯಲ್ಲ!" ನನ್ನ ದನಿ ಬೇಡವೆಂದರೂ ಏರಿತು.

"ಅವನನ್ನ ಕೇಳೋಕೆ ನಾಚಿಕೆ ಆಯ್ತು. ನೀವಿಬ್ರೂ ಒಂದೇ ಅಳತೆ ಅಲ್ವಾ? ಹೊಲಿದ ಮೇಲೆ ಕೈಯಾರೆ ಕೊಡೋಣ ಅಂದ್ರೆ ನಿನ್ನ ನಿಯಮ ಬಿಡಲಿಲ್ಲ. ನಂದಲ್ಲದ್ದನ್ನ ಹೇಗೆ ಕೊಡಲಿ?" ಅವನ ಕೊರಳಪಟ್ಟಿ ಸರಿಮಾಡುತ್ತ ಅಂದಳು, "ನೀನು ಕೈ ಎತ್ತಿದ್ದು ದೊಡ್ಡ ಉಪಕಾರ ಆಯ್ತು."

ನನ್ನ ಹಳೆಯ ಅಂಗಿ ಪೆಟ್ಟಿಗೆಯ ತಳದಲ್ಲಿತ್ತು. ಅದಕ್ಕೆ ಪೈಪೋಟಿ ಇರಲಿಲ್ಲ. ತೊಟ್ಟುಕೊಂಡು ಸಭೆಯ ನಡಾವಳಿ ಬರೆಯಲು ಕುಳಿತೆ, ಅದೂ ನನ್ನದೇ ಕೆಲಸ. ನಿಯಮ ರದ್ದು, ಪರ ನಾಲ್ಕು, ವಿರುದ್ಧ ಮೂರು. ಕೈ ಎತ್ತಿದವರ ಹೆಸರು ಬರೆಯುವುದು ವಾಡಿಕೆ. ಸುಯಿನ್, ಬೋಚುವಾನ್ ಎಂದು ಅಕ್ಕಪಕ್ಕದಲ್ಲಿ ಬರೆದೆ. ಆಮೇಲೆ ಆ ಎರಡು ಹೆಸರನ್ನೂ ಹೊಡೆದುಹಾಕಿ, ನಡುವೆ ನನ್ನ ಹೆಸರು ಸೇರಿಸಿ ಮತ್ತೆ ಬರೆದೆ.