ಕೇಳದೇ ಹತ್ತಿಸಿದ ಬಸ್ಸು

ಆ ಕಾಲದ ಧಾರವಾಡದಲ್ಲಿ ಕಾರಣವಿಲ್ಲದೆ ಯಾರೂ ಓಡುತ್ತಿರಲಿಲ್ಲ. ಓಡುವವನ ಮನೆಯಲ್ಲಿ ಯಾರದೋ ಜೀವಕ್ಕೆ ಕುತ್ತು ಬಂದಿರಬೇಕು, ಇಲ್ಲವೇ ಅವನ ಬಸ್ಸು ತಪ್ಪುತ್ತಿರಬೇಕು. ಮೂರನೆಯ ಕಾರಣ ಊರಿಗೆ ಗೊತ್ತಿರಲಿಲ್ಲ. ಹೀಗಾಗಿ ಕೃಷಿ ಕಾಲೇಜಿನ ಹಾಸ್ಟೆಲಿನಿಂದ ಒಕೆಲೊ ಎಂಬ ಹುಡುಗ ನಸುಕಿನಲ್ಲಿ ಚಡ್ಡಿ ಬನಿಯನ್ನು ತೊಟ್ಟು ಬೆಳಗಾವಿ ರಸ್ತೆಗೆ ಇಳಿದು ಓಡತೊಡಗಿದಾಗ ಮೊದಮೊದಲು ದೊಡ್ಡ ಗದ್ದಲವೇ ಆಯಿತು. ಹಾಲಿನ ಗಡಿಗೆ ಹೊತ್ತ ಹೆಂಗಸರು ನಿಂತು "ಏನಾತೋ ಯಪ್ಪಾ?" ಎಂದು ಕೂಗಿದರು. ಚಕ್ಕಡಿಯವನೊಬ್ಬ ಎತ್ತುಗಳನ್ನು ನಡುರಸ್ತೆಯಲ್ಲೇ ಬಿಟ್ಟು ಅವನ ಜೊತೆಗೆ ಒಂದಷ್ಟು ದೂರ ಓಡಿ, ಬೆನ್ನಟ್ಟಿ ಬರುವವರು ಯಾರೂ ಕಾಣದೆ, ಬೈದುಕೊಳ್ಳುತ್ತ ಹಿಂದಿರುಗಿದ. ದಿನ ಕಳೆದಂತೆ ಊರು ಸುಮ್ಮನಾಯಿತು. ಸುಮ್ಮನಾಯಿತೇ ಹೊರತು ಅವನನ್ನು ನೋಡುವುದನ್ನು ಬಿಡಲಿಲ್ಲ. ನೋಡುವ ಕೆಲಸದಲ್ಲಿ ನಮ್ಮವರಿಗೆ ದಣಿವೆಂಬುದೇ ಇಲ್ಲ.

ಒಕೆಲೊ ಕೆನ್ಯಾ ದೇಶದವನು. ದೊಡ್ಡ ಸರೋವರದ ದಂಡೆಯಲ್ಲಿ ಅವನ ಹಳ್ಳಿ. ಸ್ಕಾಲರ್‌ಶಿಪ್ಪಿನ ಮೇಲೆ ಬೇಸಾಯದ ವಿದ್ಯೆ ಕಲಿಯಲು ಬಂದು ಒಂದೂವರೆ ವರ್ಷವಾಗಿತ್ತು. ತರಗತಿಯಲ್ಲಿ ಇಂಗ್ಲಿಷು ನಡೆಯುತ್ತಿತ್ತು. ಮೆಸ್ಸಿನಲ್ಲಿ "ಅನ್ನ", "ಸಾರು", "ಸಾಕು" ಎಂದರೆ ಹೊಟ್ಟೆ ತುಂಬುತ್ತಿತ್ತು. ಬರಬರುತ್ತ ಇನ್ನಷ್ಟು ಕನ್ನಡ ಕಿವಿಗೆ ಹತ್ತಿತ್ತು, ನಾಲಿಗೆಗೆ ಹತ್ತಿರಲಿಲ್ಲ. ಯಾರೂ ಅವನಿಗೆ ಕೆಟ್ಟದ್ದು ಮಾಡಿರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಸಂಜೆ ಹುಡುಗರು ಒಂದು ಕೋಣೆಯಲ್ಲಿ ಸೇರಿ ಬಿದ್ದು ಬಿದ್ದು ನಗುವಾಗ ಇವನು ಬಾಗಿಲಲ್ಲಿ ಕಾಣಿಸಿಕೊಂಡರೆ ಎಲ್ಲರೂ ಮರ್ಯಾದೆಗಾಗಿ ಇಂಗ್ಲಿಷಿಗೆ ಹೊರಳುತ್ತಿದ್ದರು. ಇಂಗ್ಲಿಷಿಗೆ ಹೊರಳಿದೊಡನೆ ನಗೆ ನಿಂತುಹೋಗುತ್ತಿತ್ತು. ಅದನ್ನು ಕಂಡು ಅವನೇ ಆ ಬಾಗಿಲಿಗೆ ಹೋಗುವುದನ್ನು ಬಿಟ್ಟ. ಓಡುವಾಗ ಯಾರ ಭಾಷೆಯೂ ಬೇಕಾಗಿರಲಿಲ್ಲ. ಅದಕ್ಕೇ ಓಡುತ್ತಿದ್ದ.

ಅವನ ಬಾಯಿ ಬಿಚ್ಚುತ್ತಿದ್ದದ್ದು ರವಿವಾರ ಮಾತ್ರ. ಅವನದೇ ಸೀಮೆಯ ಒಡೊಂಗೊ ಎಂಬವನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುತ್ತ ಕಮರಿಪೇಟೆಯಲ್ಲಿ ಸಂಗವ್ವ ಎಂಬ ವಿಧವೆಯ ಅಟ್ಟದ ಕೋಣೆಯಲ್ಲಿದ್ದ. ಇಬ್ಬರೂ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತ, ತಮ್ಮ ಲುವೊ ಭಾಷೆಯಲ್ಲಿ ಊರ ಸುದ್ದಿ, ದನಗಳ ಸುದ್ದಿ, ಹುಡುಗಿಯರ ಸುದ್ದಿ ಎಲ್ಲವನ್ನೂ ಗಟ್ಟಿಯಾಗಿ ಆಡಿಕೊಂಡು ನಗುತ್ತಿದ್ದರು. ಸುತ್ತ ಜನ ಸೇರುತ್ತಿದ್ದರು, ಸೇರಲಿ ಬಿಡು ಎಂದು ಇವರು ಅಂದುಕೊಳ್ಳುತ್ತಿದ್ದರು. ಒಕೆಲೊ ಆರು ದಿನ ಕೂಡಿಟ್ಟ ಮಾತನ್ನೆಲ್ಲ ಏಳನೆಯ ದಿನ ಖಾಲಿ ಮಾಡಿ ಧಾರವಾಡಕ್ಕೆ ಮರಳುತ್ತಿದ್ದ.

ಈಗ ಒಡೊಂಗೊ ಹೊರಟಿದ್ದ. ಹಿಂದಿನ ಡಿಸೆಂಬರಿನಲ್ಲಿ ಅವರ ದೇಶ ಸ್ವತಂತ್ರವಾಗಿತ್ತು. ಓದಿದವನಿಗೆ ಹೊಸ ಸರಕಾರದಲ್ಲಿ ನೌಕರಿ ಕಾದಿತ್ತು. ಹುಬ್ಬಳ್ಳಿಯಿಂದ ಪುಣೆ ಗಾಡಿ ಹತ್ತಿ, ಮುಂದೆ ಮುಂಬಯಿ, ಅಲ್ಲಿಂದ ಹಡಗು. ಹಿಂದಿನ ಸಂಜೆಯ ತನಕ ಒಕೆಲೊಗೆ ಪರೀಕ್ಷೆ ಇದ್ದುದರಿಂದ ಅವನಿಗೆ ಹುಬ್ಬಳ್ಳಿಗೆ ಹೋಗಲಾಗಿರಲಿಲ್ಲ. "ಬೆಳಿಗ್ಗೆ ಗಾಡಿ ಧಾರವಾಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಇರು" ಎಂದು ಒಡೊಂಗೊ ಹೇಳಿಕಳಿಸಿದ್ದ. ಆ ಸ್ವಲ್ಪ ಹೊತ್ತಿಗಾಗಿ ಒಕೆಲೊ ವಾರದಿಂದ ಕಾದಿದ್ದ. ಆ ಗಾಡಿ ಹೋಯಿತೆಂದರೆ, ಇನ್ನೆರಡು ವರ್ಷ ಅವನ ತಾಯಿಯ ಭಾಷೆಯಲ್ಲಿ ಮಾತಾಡಲು ಈ ಸೀಮೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನೂ ಕತ್ತಲಿರುವಾಗಲೇ ಎದ್ದ. ಗಾಡಿಗೆ ಬೇಕಾದಷ್ಟು ಹೊತ್ತಿತ್ತು. ಓಡಿಬಂದು, ಸ್ನಾನ ಮಾಡಿ, ಒಳ್ಳೆಯ ಅಂಗಿ ತೊಟ್ಟು ಸ್ಟೇಷನ್ನಿಗೆ ಹೋದರಾಯಿತು ಎಂದುಕೊಂಡು ಹೊರಬಿದ್ದ. ಶ್ರಾವಣದ ಮಂಜು ನೆಲಕ್ಕೆ ಇಳಿದಿತ್ತು. ದಿನದ ರಸ್ತೆ ಬಿಟ್ಟು ಊರು ಸುತ್ತಿಕೊಂಡು ಹೋದ, ಏಕೆಂದರೆ ದಿನದ ರಸ್ತೆ ಆ ದಿನ ಅವನ ತಳಮಳಕ್ಕೆ ಸಾಲುವಂತಿರಲಿಲ್ಲ. ಒಡೊಂಗೊಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ, ಎಲ್ಲಿ ಹೊರಳಿದೆ ಎಲ್ಲಿ ಹೊರಳಲಿಲ್ಲ ಎಂಬುದರ ಕಡೆಗೆ ಗಮನವೇ ಇಲ್ಲದೆ ಓಡಿದ. ಎಚ್ಚರವಾದಾಗ ಎರಡೂ ಕಡೆ ಬರೀ ಹೊಲ, ಮುಂದೆ ಹಿಂದೆ ಬರೀ ಬಿಳಿ ಮಂಜು. ಊರು ಮುಂದಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಊರು ಬೆನ್ನ ಹಿಂದಿತ್ತು.

ಆಗಲೇ ಹಿಂದಿನಿಂದ ಬಸ್ಸು ಬಂತು. ಹಳಿಯಾಳಕ್ಕೆ ಹೋಗುವ ದಿನದ ಮೊದಲ ಬಸ್ಸು. ಕಂಡಕ್ಟರ್ ಫಕೀರಪ್ಪ ಬಾಗಿಲಲ್ಲಿ ಜೋತುಬಿದ್ದು ನೋಡಿದ: ಮಂಜಿನಲ್ಲಿ ಕಪ್ಪು ಬಣ್ಣದ, ಗುಂಗುರು ಕೂದಲಿನ ಹರೆಯದವನೊಬ್ಬ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಾನೆ. ಫಕೀರಪ್ಪನ ದಾರಿಯಲ್ಲಿ ಅಂಥ ಮುಖಗಳು ಹೊಸವಲ್ಲ. ಹಳಿಯಾಳದ ಆಚೆಯ ಕಾಡಿನಲ್ಲಿ ಸಿದ್ದಿ ಜನ ಇದ್ದಾರೆ. ಯಾವುದೋ ಕಾಲದಲ್ಲಿ ಆಫ್ರಿಕದಿಂದ ಹಡಗಿನಲ್ಲಿ ತಂದವರ ಮಕ್ಕಳು ಮರಿಮಕ್ಕಳು, ಈಗ ನಮ್ಮಷ್ಟೇ ಈ ನೆಲದವರು. ಕೂಲಿಗೆ ಬಂದ ಸಿದ್ದಿ ಹುಡುಗ ರಾತ್ರಿಯ ಬಸ್ಸು ತಪ್ಪಿಸಿಕೊಂಡು ಊರ ತನಕ ಓಡಿಯೇ ಹೊರಟಿದ್ದಾನೆ ಎಂದು ಫಕೀರಪ್ಪನಿಗೆ ಕರುಳು ಚುರುಕ್ ಎಂದಿತು. ಗಂಟೆ ಹೊಡೆದು ಬಸ್ಸು ನಿಲ್ಲಿಸಿದ.

"ಏ ತಮ್ಮಾ, ಹತ್ತು ಹತ್ತು! ಹಿಂಗ ಓಡಿಕೋತ ಹೋದ್ರ ಊರು ಮುಟ್ಟೂದು ಯಾವಾಗಪಾ?" ಎಂದವನೇ ರಟ್ಟೆ ಹಿಡಿದು ಮೇಲಕ್ಕೆಳೆದ.

ಒಕೆಲೊ ಜೇಬಿಲ್ಲದ ಚಡ್ಡಿಯನ್ನು ತಟ್ಟಿ ತೋರಿಸಿದ. "ಇರ್ಲಿ ಬಿಡೋ, ಆಮ್ಯಾಲೆ ಕೊಡುವಂತಿ" ಎಂದು ಫಕೀರಪ್ಪ ಕೈಬೀಸಿದ. ಎಲ್ಲಿಗೆ ಹೋಗಬೇಕು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಇಡೀ ಬಸ್ಸಿನಲ್ಲಿ ಯಾರಿಗೂ ಕಾಣಲಿಲ್ಲ. ಬಸ್ಸು ಊರಿಗೆ ಹೊರಟಿದೆ ಎಂದುಕೊಂಡ ಒಕೆಲೊಗೂ ಕಾಣಲಿಲ್ಲ.

ಒಳಗೆ ಹೋದವನಿಗೆ ಒಂದು ವಿಚಿತ್ರ ಕಾದಿತ್ತು. ಯಾರೂ ಅವನನ್ನು ನೋಡಲಿಲ್ಲ. ಒಬ್ಬ ರೈತ ಸರಿದು ಜಾಗ ಕೊಟ್ಟ, ಇನ್ನೊಬ್ಬ "ಏ, ಇದನ್ನಷ್ಟು ಹಿಡಕೋ" ಎಂದು ತನ್ನ ಗಂಟನ್ನು ಅವನ ತೊಡೆಯ ಮೇಲೆ ಇಟ್ಟು ಎಲೆಅಡಿಕೆ ಹಾಕಿಕೊಳ್ಳತೊಡಗಿದ. ಒಂದೂವರೆ ವರ್ಷದಲ್ಲಿ ಮೊದಲ ಸಲ ಒಕೆಲೊ ಹತ್ತು ಜನರ ನಡುವೆ ಹತ್ತರಲ್ಲೊಬ್ಬನಾಗಿ ಕೂತ. ಆ ಗಂಟನ್ನು ಅವನು ಎರಡೂ ಕೈಯಿಂದ ಜೋಪಾನವಾಗಿ ಹಿಡಿದುಕೊಂಡ. ಎಷ್ಟು ಹಗುರಾದನೆಂದರೆ, ಇವತ್ತು ಒಡೊಂಗೊಗೆ ಇದನ್ನೇ ಮೊದಲು ಹೇಳಬೇಕು ಎಂದುಕೊಂಡ.

ಆಮೇಲೆ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಮಕ್ತುಮಬಿ ಎಂದು ಅವಳ ಹೆಸರು, ಧಾರವಾಡದ ದವಾಖಾನೆಗೆ ಬಂದು ಹಳಿಯಾಳದ ಕಡೆಯ ತನ್ನ ಹಳ್ಳಿಗೆ ಮರಳುತ್ತಿದ್ದ ಸಿದ್ದಿ ಹೆಂಗಸು. ಅವಳ ಮುಖ ಕಂಡದ್ದೇ ಒಕೆಲೊ ಮುಂದಕ್ಕೆ ಬಾಗಿದ. ಅದೇ ಹಣೆ, ಅದೇ ಗಲ್ಲ, ಅವನ ಅಜ್ಜಿಯ ಒಡಹುಟ್ಟಿದವಳ ಹಾಗೆ. ಈ ದೇಶದಲ್ಲಿ ಇಂಥ ಜನ ಇದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತನ್ನ ಊರಿನವಳೇ ಯಾವುದೋ ಪವಾಡದಿಂದ ಇಲ್ಲಿ ಬಂದು ಕೂತಿದ್ದಾಳೆ ಎಂದೇ ಅವನು ತಿಳಿದ.

"ಒಯಾವೊರೆ, ದಾನಿ!" ಎಂದ. ಶುಭೋದಯ, ಅಜ್ಜಿ. ಅಷ್ಟಕ್ಕೇ ನಿಲ್ಲಲಿಲ್ಲ, ಯಾವ ಊರು, ಯಾರ ಮನೆ, ಯಾವಾಗ ಬಂದಿ ಎಂದು ಲುವೊದಲ್ಲಿ ಒಂದೇ ಉಸಿರಿಗೆ ಕೇಳಿಬಿಟ್ಟ.

ಮಕ್ತುಮಬಿ ಬಾಯಿ ತೆರೆದು ಕೇಳಿದಳು. ಕೊಂಕಣಿಯಲ್ಲಿ ಏನೋ ಅಂದಳು, ಅವನಿಗೆ ತಿಳಿಯಲಿಲ್ಲ. ಕೊನೆಗೆ ಕೈ ಚಾಚಿ ಅವನ ಗದ್ದ ಹಿಡಿದು, "ಯಾರ ಮಗನೋ ನೀ? ಮುಖ ನೋಡಿದ್ರ ನಮ್ಮಂವಾ, ಮಾತು ಒಂದೂ ತಿಳೀವಲ್ದಲ್ಲೋ" ಎಂದಳು.

ಅವಳು ತನ್ನವಳಲ್ಲ ಎಂಬುದು ಅವನಿಗೆ ಆ ಕೈಯ ಬಿಸಿಯಲ್ಲೇ ತಿಳಿಯಿತು. ಪರಕೀಯರು ಪರಭಾಷೆ ಆಡಿದರೆ ಸಹಿಸಬಹುದು. ಅಜ್ಜಿಯ ಮುಖವೇ ಎದುರಿಗೆ ಕೂತು ತಿಳಿಯದ ಮಾತಾಡಿದರೆ ಏನು ಮಾಡುವುದು? ಅಲ್ಲಿಯ ತನಕ ಅವನು ಇಷ್ಟು ಒಂಟಿಯಾಗಿರಲಿಲ್ಲ.

ಅಷ್ಟರಲ್ಲಿ ಮಂಜು ಹರಿದು ಸೂರ್ಯ ಕಂಡ. ಬಸ್ಸಿನ ಹಿಂದಿನ ಗಾಜಿನಲ್ಲಿ ಕಂಡ. ಪೂರ್ವಕ್ಕಿದ್ದ ಊರಿಗೆ ಹೋಗುವ ಬಸ್ಸಿಗೆ ಸೂರ್ಯ ಮುಂದಿರಬೇಕಿತ್ತು. ಹೊರಗೆ ನೋಡಿದರೆ ಹೊಲ ಮುಗಿದು ಕಾಡು ಶುರುವಾಗಿತ್ತು. ಒಕೆಲೊ ಗಂಟು ಹಿಡಿದುಕೊಂಡೇ ಎದ್ದು ನಿಂತು ಕಿರುಚಿದ: "ಧಾರವಾಡ! ಧಾರವಾಡ ಸ್ಟೇಷನ್! ಫ್ರೆಂಡ್! ಪುಣೆ ಗಾಡಿ!"

ಫಕೀರಪ್ಪನ ಕೈ ಗಂಟೆಯ ಹಗ್ಗದಲ್ಲೇ ನಿಂತಿತು. "ಅಯ್ಯೋ ಶಿವನ... ಇಂವಾ ನಮ್ಮ ಸಿದ್ದಿ ಹುಡುಗ ಅಲ್ಲೇನು? ಕಾಲೇಜಿನ ಆಫ್ರಿಕಾದವರ ಏನ್ರೀ ನೀವು?" ಎಂದು ನಾಲಿಗೆ ಕಚ್ಚಿಕೊಂಡ. ಒಂದು ಕ್ಷಣದ ಹಿಂದೆ 'ತಮ್ಮಾ' ಆಗಿದ್ದವನು 'ನೀವು' ಆಗಿಬಿಟ್ಟ. ಇಡೀ ಬಸ್ಸು ತಿರುಗಿ ಅವನನ್ನು ನೋಡತೊಡಗಿತು; ಗಂಟಿನವನು ತನ್ನ ಗಂಟನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡ.

"ಎಲ್ಲಿಗಂತ ಒಂದು ಮಾತು ಕೇಳಿದ್ದಿದ್ರ ನಿನ್ನ ಗಂಟೇನು ಹೋಗ್ತಿತ್ತೋ?" ಎಂದು ಮಕ್ತುಮಬಿ ಕಂಡಕ್ಟರನನ್ನು ಜಾಡಿಸಿದಳು.

"ನೀ ಕೇಳಿದ್ಯೇನಬೇ?" ಎಂದ ಫಕೀರಪ್ಪ.

ಫಕೀರಪ್ಪ ಕೆಟ್ಟವನಲ್ಲ. ಎದುರಿನಿಂದ ಧಾರವಾಡಕ್ಕೆ ಹೋಗುವ ಬಸ್ಸು ಬಂದಾಗ ತನ್ನ ಬಸ್ಸು ನಿಲ್ಲಿಸಿ ಇಳಿದು, ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತು ಅದನ್ನು ತಡೆದ. "ಇವರನ್ನ ಲಗೂ ಟೇಶನ್ನಿಗೆ ಮುಟ್ಟಸ್ರಿ, ಇವರ ದೋಸ್ತ ಪುಣೆ ಗಾಡಿಗೆ ಹೊಂಟಾರಂತ" ಎಂದು ಆ ಕಂಡಕ್ಟರನಿಗೆ ಒಪ್ಪಿಸಿ ಕೈಮುಗಿದ. ಆ ಬಸ್ಸಿನವರು ಲಗುಬಗೆಯ ಜನವಲ್ಲ. ಹಳ್ಳಿ ಹಳ್ಳಿಗೆ ನಿಂತರು. ಒಂದು ಕಡೆ ಆಡು ಹತ್ತಲೊಲ್ಲದೆ ಹಟ ಮಾಡಿತು; ಅದನ್ನು ಒಲಿಸಲು ಡ್ರೈವರನೇ ಇಳಿದು ಹೋದ. ಒಕೆಲೊ ಬಾಗಿಲಲ್ಲಿ ನಿಂತು ಮುಷ್ಟಿ ಬಿಗಿದು ರಸ್ತೆ ನೋಡುತ್ತಿದ್ದ. ಊರಿನ ಅಂಚಿಗೆ ಬಂದಾಗ ಸ್ಟೇಷನ್ನಿನ ಹುಬ್ಬಳ್ಳಿ ಬದಿಯ ರೈಲ್ವೆ ಗೇಟು ಬಿದ್ದಿತ್ತು.

ಹುಬ್ಬಳ್ಳಿಯ ಕಡೆಯಿಂದ ಗಾಡಿ ಬಂತು. ಕಣ್ಣೆದುರಿಗೇ ಒಂದರ ಹಿಂದೊಂದು ಡಬ್ಬಿಗಳು ಹಾದುಹೋದವು. ಕಿಟಕಿಗಳಲ್ಲಿ ಮುಖಗಳು, ಟವಲುಗಳು, ಒಂದು ಹಿತ್ತಾಳೆಯ ಚೊಂಬು. ಒಡೊಂಗೊ ಆಚೆಯ ಬದಿಗೆ ಕೂತಿದ್ದನೋ ಏನೋ, ಕಾಣಲಿಲ್ಲ. ಕೊನೆಯ ಡಬ್ಬಿ ದಾಟುವ ಮುಂಚೆಯೇ ಒಕೆಲೊ ಬಸ್ಸಿನಿಂದ ಜಿಗಿದು, ಗೇಟಿನ ಅಡಿಯಲ್ಲಿ ನುಸುಳಿ, ಹಳಿಯ ಬದಿಯ ಜಲ್ಲಿಕಲ್ಲುಗಳ ಮೇಲೆ ಗಾಡಿಯ ಹಿಂದೆ ಓಡಿದ. ಹಿಂದಿನಿಂದ ಗೇಟಿನವನು ಬೈಯುತ್ತಿದ್ದ. ಬಸ್ಸಿನ ಮಂದಿ "ಓಡ್ರಿ, ಓಡ್ರಿ, ಸಿಗತೈತಿ!" ಎಂದು ಕಿಟಕಿಯಿಂದ ಕೂಗುತ್ತಿದ್ದರು. ಧಾರವಾಡದಲ್ಲಿ ಅವನು ಕಾರಣಕ್ಕಾಗಿ ಓಡಿದ್ದು ಅದೊಂದೇ ದಿನ.

ಪ್ಲಾಟ್‌ಫಾರ್ಮಿನ ಇಳಿಜಾರು ಹತ್ತುವಾಗ ಸೀಟಿ ಕೇಳಿಸಿತು. ಮೇಲೆ ಬಂದಾಗ ಗಾಡಿಯ ಬೆನ್ನು ತಿರುವಿನಲ್ಲಿ ಮರೆಯಾಗುತ್ತಿತ್ತು. ಗಾರ್ಡನ ಹಸಿರು ಬಾವುಟ ಇನ್ನೂ ಹೊರಗಿತ್ತು, ಆಮೇಲೆ ಅದೂ ಒಳಗೆ ಹೋಯಿತು.

ಒಕೆಲೊ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದ. ಹೇಳಬೇಕೆಂದು ಜೋಡಿಸಿದ ಮಾತುಗಳೆಲ್ಲ ಹಾಗೇ ಉಳಿದಿದ್ದವು. ಮುದಿ ಹಮಾಲ ಗುಲಾಬಸಾಬ ಅವನನ್ನು ಕಂಡು, ತಲೆಯ ಸಿಂಬಿ ತೆಗೆಯುತ್ತ ಹತ್ತಿರ ಬಂದ.

"ನೀವಽ ಏನ್ರಿ, ಸಾಹೇಬ್ರ? ನಿಮ್ಮ ದೋಸ್ತ ಬಾಳ ಹುಡುಕಿದ್ರಿ ನಿಮ್ಮನ್ನ. ಗಾಡಿ ನಿಂತದ್ದಽ ತಡ, ಇಳದು ಆ ತುದಿಯಿಂದ ಈ ತುದೀ ತನಕ ಓಡಿದ್ರು. ಒಂದಽ ಸವನ ಕೂಗಿದ್ರು. ಗಾಡಿ ಬಿಟ್ಟ ಮ್ಯಾಲೂ ಬಾಗಲದಾಗ ನಿಂತು ಕೂಗಾಕತ್ತಿದ್ರು."

ಒಕೆಲೊಗೆ ಅರ್ಧ ತಿಳಿಯಿತು, ಅರ್ಧ ಮುದುಕನ ಕೈಸನ್ನೆಯಿಂದ ತಿಳಿಯಿತು. "ಏನು? ಏನು ಕೂಗಿದ್ರು?" ಎಂದ ತನ್ನ ಮುರುಕು ಕನ್ನಡದಲ್ಲಿ.

ಗುಲಾಬಸಾಬ ಜೀವಮಾನವೆಲ್ಲ ಅದೇ ಪ್ಲಾಟ್‌ಫಾರ್ಮಿನಲ್ಲಿ ಹತ್ತೂರಿನ ಮಂದಿಯ ಕೂಗು ಕೇಳಿಸಿಕೊಂಡವನು. ಎರಡೂ ಅಂಗೈಗಳನ್ನು ಬಾಯಿಗೆ ಹಚ್ಚಿ, ಖಾಲಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ, ಕೇಳಿದ್ದನ್ನು ಕೇಳಿದ ರಾಗದಲ್ಲೇ ಕೂಗಿದ:

"ಓ... ಕೆಲೋ! ಬೀ! ಬೀ ಪಿಯೋ!"

ಬಾ, ಬೇಗ ಬಾ. ಸರೋವರದ ದಂಡೆಯಲ್ಲಿ ಸಂಜೆ ತಾಯಂದಿರು ಮಕ್ಕಳನ್ನು ಕರೆಯುವುದು ಹಾಗೆಯೇ. ಗುಲಾಬಸಾಬನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅವನ ಬಾಯಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಒಕೆಲೊ ಎದ್ದು ನಿಂತ. "ಇನ್ನೊಮ್ಮೆ ಕೂಗ್ರಿ" ಎಂದ.

ಗುಲಾಬಸಾಬ ಅವನ ಮುಖ ನೋಡಿದ, ಏನನ್ನೂ ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದ. ಈ ಸಲ ಒಕೆಲೊ ಗಾಡಿ ಹೋದ ದಿಕ್ಕಿಗೆ ತಿರುಗಿ, ಧಾರಾಳವಾಗಿ ಅಳುತ್ತ, ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ ಉತ್ತರ ಕೊಟ್ಟ.

"ಅಬಿರೋ!" ಎಂದ. ಬರ್ತಾ ಇದ್ದೇನೆ.