ಮೇಸ್ತ್ರಿ ಅಗೆದ ರಸ್ತೆ

"ನೋಡೋ, ಮೇಲೆ ಕೆರೆ, ಕೆಳಗೆ ಬೂದಿ," ಎಂದು ಅಕ್ಕ ಕೋಲಿನಿಂದ ಎರಡೂ ಮಗ್ಗುಲು ತೋರಿಸಿದಳು. "ನಡುವೆ ನಿನ್ನ ರಸ್ತೆ."

ಅವಳ ತಮ್ಮ ಮೇಸ್ತ್ರಿ ಮೇಲೆ ಮಡುಗಟ್ಟಿದ ನೀರನ್ನೂ ಕೆಳಗಿನ ಒಣನೆಲವನ್ನೂ ನೋಡಿದ. ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟದ ನೆತ್ತಿಯ ಆ ಜೌಗು ಹುಲ್ಲುಗಾವಲಿಗೆ ಅಡ್ಡಲಾಗಿ ಹನ್ನೆರಡು ವರ್ಷಗಳ ಹಿಂದೆ ಮಣ್ಣು ತುಂಬಿಸಿ, ದಮ್ಮಸ್ಸು ಮಾಡಿ ರಸ್ತೆ ಎಬ್ಬಿಸಿದವನು ಅವನೇ. ಒಂದು ಬಿರುಕೂ ಬಿಟ್ಟಿಲ್ಲವೆಂದು ಸಿಕ್ಕವರ ಮುಂದೆಲ್ಲ ಮೀಸೆ ತಿರುವುತ್ತಿದ್ದ. ನೀರಿಗೆಂದು ಇಟ್ಟಿದ್ದು ಒಂದೇ ಪೈಪು. ಮೊದಲು ಹುಲ್ಲಿನ ಬುಡದಲ್ಲೆಲ್ಲ ಹರಡಿ ಮೆಲ್ಲಗೆ ಇಳಿಯುತ್ತಿದ್ದ ನೀರು ಈಗ ಆ ಪೈಪಿಗೇ ನುಗ್ಗಿ, ಕೆಳಗೆ ಆಳುದ್ದದ ಕೊರಕಲು ಕೊರೆದಿತ್ತು. ಸುತ್ತಲಿನ ನೆಲದ ಪಸೆಯೂ ಅದರೊಳಕ್ಕೇ ಬಸಿದು ಹೋಗಿತ್ತು. ಅಕ್ಕನ ಹಸುಗಳು ಒಣಕಡ್ಡಿ ಮೂಸುತ್ತಿದ್ದವು.

"ಇಷ್ಟು ವರ್ಷ ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ಕೇಳೋನಾ ನೀನು? ಊರಿಗೆ ಆಂಬುಲೆನ್ಸ್ ಬರೋ ಹಾಗಾಯ್ತಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ಹೋದ ವಾರ ಕೆಂಪಿನೂ ಮಾರಿಬಿಟ್ಟೆ ಕಣೋ."

ಕೆಂಪಿ ಅವನ ಕೈಯಲ್ಲೇ ಹುಟ್ಟಿದ ಕರು.

ಮರುದಿನ ಬೆಳಿಗ್ಗೆ ಅವನು ಇಂಜಿನಿಯರಮ್ಮನ ಮೇಜಿನ ಮುಂದೆ ನಿಂತಿದ್ದ. "ಮೇಡಂ, ಮೇಲಿನ ರಸ್ತೆ ಅಗೀಬೇಕು."

"ಅಷ್ಟು ಚೆನ್ನಾಗಿರೋ ರಸ್ತೇನಾ?"

"ಚೆನ್ನಾಗಿರೋದೇ ತೊಂದರೆ. ಒಂದು ಹನಿ ದಾಟೋಕೆ ಬಿಡಲ್ಲ. ರಸ್ತೆ ಅಡೀಲಿ ಬರೀ ಕಲ್ಲು ತುಂಬಿಸಿದ್ರೆ ನೀರು ಉದ್ದಕ್ಕೂ ಸಂದಿಲಿ ಜಿನುಗುತ್ತೆ. ಅವತ್ತೇ ಹಾಗೆ ಮಾಡ್ಬೇಕಿತ್ತು. ತಪ್ಪು ನಂದು." ಕೊನೆಯ ಮಾತಿಗೆ ಅವನ ಕಿವಿ ಬಿಸಿಯಾಯಿತು.

ಅವಳು ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಹಿಮ ಬೀಳೋಕೆ ಹೆಚ್ಚಂದ್ರೆ ಹತ್ತು ದಿನ. ಆಂಬುಲೆನ್ಸ್ ಒಂದಿನಾನೂ ನಿಲ್ಬಾರ್ದು."

"ಅರ್ಧರ್ಧ ಅಗಲ ಅಗೀತೀನಿ."

ಜೆಸಿಬಿಯ ಮೊದಲ ಏಟು ಬಿದ್ದಾಗ ಮೇಸ್ತ್ರಿ ಬೇರೆ ಕಡೆ ಮುಖ ಮಾಡಿದ. "ಅರವತ್ತಕ್ಕೆ ಅರಳುಮರಳು ಅಂತಾರೆ, ಇವನಿಗೆ ಐವತ್ತಕ್ಕೇ ಬಂತು," ಎಂದು ಹಾಲಿನ ವ್ಯಾನಿನವನು ನಕ್ಕ. ಮೇಸ್ತ್ರಿಯೂ ನಕ್ಕ. ನಕ್ಕು ಮತ್ತೆ ಹಳ್ಳಕ್ಕಿಳಿದ. ಜೌಗಿನ ಉದ್ದಕ್ಕೂ ತೆಂಗಿನಕಾಯಿ ಗಾತ್ರದ ಕಲ್ಲು ತುಂಬಿಸಿ, ಮೇಲಿನ ಮಣ್ಣು ಸಂದಿಗಿಳಿಯದಂತೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ರಸ್ತೆ ಕಟ್ಟಿದ. ಕೊರಕಲಿಗೆ ಅಕ್ಕನೇ ನಿಂತು ಕಲ್ಲು, ಹುಲ್ಲುಹೆಂಟೆ ಅಡ್ಡ ಹಾಕಿಸಿದಳು. ಹತ್ತನೆಯ ದಿನ ಪೈಪಿನ ಕೊನೆಯ ತುಂಡನ್ನೂ ಕಿತ್ತೆಸೆದು ಮೇಲೆ ಬಂದಾಗ ಅವನ ಕೋಟಿನ ಮೇಲೆ ಮೊದಲ ಹಿಮ ಕೂತಿತ್ತು.

ಹಿಮ ಕರಗಿ ಎರಡು ತಿಂಗಳಾದ ಮೇಲೆ ಮೇಸ್ತ್ರಿ ತಾನೇ ಅಣ್ಣನೇನೋ ಎಂಬಂತೆ ಗತ್ತಿನಿಂದ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದ. ಬೇರೆ ವರ್ಷ ಆ ಹೊತ್ತಿಗೆ ರಸ್ತೆಯ ಕೆಳಮಗ್ಗುಲಲ್ಲಿ ಧೂಳೇಳುತ್ತಿತ್ತು. ಈಗ ಅಲ್ಲಲ್ಲಿ ಎಳೆಹಸಿರು ತಲೆಯೆತ್ತಿತ್ತು.

"ಇಷ್ಟೇನಾ?" ಎಂದಳು ಅಕ್ಕ.

"ಅವಸರ ಮಾಡ್ಬೇಡ ಕಣೇ. ಹನ್ನೆರಡು ವರ್ಷದ ಬಾಯಾರಿಕೆ ಅದು."

ಅವಳು ಚಪ್ಪಲಿ ಬಿಟ್ಟು ಹುಲ್ಲಿನೊಳಕ್ಕೆ ನಡೆದಳು. ಮೇಸ್ತ್ರಿ ಅಂಚಿನಲ್ಲೇ ನಿಂತು ನೋಡಿದ. ಅವಳ ಹಿಂದೆ ಒಂದೊಂದೇ ಹೆಜ್ಜೆಗುರುತು ಸದ್ದಿಲ್ಲದೆ ನೀರು ತುಂಬಿಕೊಳ್ಳುತ್ತಿತ್ತು.